ಅಪ್ಪನ ಕಾರು, ನನ್ನ ಪರ್ಮಿಶನ್ನು

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಊರಿನಲ್ಲಿ ರಿಟೈರಾದ ಅಪ್ಪ-ಅಮ್ಮ. ಇಂಥ ನಮಗೆಲ್ಲ ಒಂದು ರೋಗ ಅಂಟಿಕೊಂಡಿದೆ. ನಾವು ಅದನ್ನು 'ಕಾಳಜಿ' ಅಂತ ಕರೀತೀವಿ. ನನಗೂ ಇತ್ತು. ಪೂರ್ತಿ ವಾಸಿಯಾಗಿದೆ ಅಂತ ಈಗಲೂ ಹೇಳಲಾರೆ.

ನಮ್ಮ ಮನೆ ಕೂಳೂರಿನಲ್ಲಿ. ಆದರೆ ಅಪ್ಪ-ಅಮ್ಮ ಸಂಸಾರ ಹೂಡಿದ್ದು, ನಾನು ಎರಡನೇ ಕ್ಲಾಸಿನವರೆಗೆ ಬೆಳೆದದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಟೌನ್‌ಶಿಪ್ ಖಾಲಿಯಾಗುತ್ತಾ ಬಂತು. ಅಪ್ಪನಿಗೆ ಪಣಂಬೂರಿನ ಪೆಲೆಟ್ ಪ್ಲಾಂಟಿಗೆ ವರ್ಗ. ಬೆಟ್ಟದ ಅದಿರು ನೀರಿನ ಜೊತೆ 67 ಕಿ.ಮೀ. ಪೈಪಿನಲ್ಲಿ ಇಳಿದು ಪಣಂಬೂರಿಗೆ ಬರುತ್ತಿತ್ತಲ್ಲ, ಅದರ ಹಿಂದೆಯೇ ನಾವೂ ಘಟ್ಟ ಇಳಿದೆವು. ಒಂದೇ ಲೈನಿನ ಕ್ವಾರ್ಟರ್ಸಿನಲ್ಲಿ ಸಕ್ಕರೆ, ಕಾಫಿಪುಡಿ ಸಾಲ ಕೊಟ್ಟು ತಗೊಂಡು ಇದ್ದವರೆಲ್ಲ ದಿಕ್ಕಾಪಾಲಾದರು. ಒಬ್ಬರು ಕಳಸದಲ್ಲೇ ತೋಟ ಮಾಡಿಕೊಂಡು ಉಳಿದರು, ಒಬ್ಬರು ಶಿವಮೊಗ್ಗಕ್ಕೆ ಹೋದರು, ಇನ್ನೊಬ್ಬರು ತೋರಣಗಲ್ಲಿನಲ್ಲಿ ಕೆಲಸ ಹಿಡಿದು ಅಲ್ಲೇ ಮನೆ ಕಟ್ಟಿದರು.

2022ರಲ್ಲಿ ರಿಟೈರಾದ ವಾರವೇ ಅಪ್ಪ ಹೇಳಿದರು, "ಕಾರಲ್ಲಿ ಒಂದು ರೌಂಡು ಹೊಡೆದು ಎಲ್ಲರನ್ನೂ ನೋಡಿ ಬರ್ತೇವೆ ಮಾರಾಯ."

ನಾನು ಬೇಡ ಅಂದೆ. ಅಷ್ಟು ದೂರ ಈ ವಯಸ್ಸಲ್ಲಿ ನೀವೇ ಡ್ರೈವ್ ಮಾಡೋದು ಬೇಡ, ಅಮ್ಮನಿಗೆ ಶುಗರ್ ಇದೆ, ಘಾಟಿ ರಸ್ತೆ, ಮಳೆ.. ಪುಣೆಯಿಂದ ಅಕ್ಕನೂ ಫೋನ್ ಮಾಡಿ ಅದನ್ನೇ ಹೇಳಿದಳು. "ವೀಡಿಯೋ ಕಾಲ್ ಮಾಡಿ ಮಾತಾಡಿ, ನಾನೇ ಸೆಟ್ ಮಾಡಿ ಕೊಡ್ತೀನಿ" ಅಂತ ನಾನು ಉದಾರಿಯ ಥರ ಹೇಳಿದ್ದು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತೆ.

ಯಾಕೆ ಅಂದರೆ, ಇದೇ ಅಮ್ಮ ಅದರ ಹಿಂದಿನ ವರ್ಷ ಅಕ್ಕನ ಬಾಣಂತನಕ್ಕೆ ಅಂತ ಎರಡೆರಡು ಬ್ಯಾಗು, ಲೇಹ್ಯದ ಡಬ್ಬ ಹೊತ್ತುಕೊಂಡು ರಾತ್ರಿ ಬಸ್ಸಿನಲ್ಲಿ ಒಬ್ಬರೇ ಪುಣೆಗೆ ಹೋಗಿದ್ದರು. ಆಗ ಶುಗರ್ ಇರಲಿಲ್ಲವಾ? ಇತ್ತು. ಅಪ್ಪ ಈಗಲೂ ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಕೂಳೂರು ಜಂಕ್ಷನ್ ದಾಟಿ ಮೀನು ತರುತ್ತಾರೆ. ಆ ಜಾಗ ನೋಡಿದವರಿಗೆ ಗೊತ್ತು. ಬಂದರಿನ ಕಡೆಯ ಲಾರಿ, ಗ್ಯಾಸ್ ಟ್ಯಾಂಕರು, ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಎಲ್ಲ ಒಟ್ಟಿಗೇ ಸೇತುವೆಯ ಕಡೆಗೆ ನುಗ್ಗುತ್ತವೆ. ಕಳಸದ ರಸ್ತೆಗಿಂತ ಹತ್ತು ಪಾಲು ಅಪಾಯ ಅಲ್ಲಿದೆ. ಅದಕ್ಕೆ ನಾನೊಂದು ದಿನವೂ ಬೇಡ ಅಂದಿಲ್ಲ. ಊರಿಗೆ ಹೋದಾಗ ಆ ಮೀನು ತಿನ್ನುವವನು ನಾನು ತಾನೇ!

ನಮ್ಮ ಕೆಲಸಕ್ಕೆ ಬೇಕಾದಾಗ ಅವರಿಗೆ ವಯಸ್ಸಾಗಿರುವುದಿಲ್ಲ. ಅವರಿಗೇ ಏನಾದರೂ ಬೇಕು ಅನಿಸಿದ ತಕ್ಷಣ ವಯಸ್ಸಾಗಿಬಿಡುತ್ತದೆ. ನನ್ನ ಟೀಮಿನಲ್ಲಿ ವಿಚಾರಿಸಿ ನೋಡಿದೆ, ಎಲ್ಲರ ಮನೆಯಲ್ಲೂ ಇದೇ ಕಥೆ. ದಾರಿಯಲ್ಲಿ ಏನಾದರೂ ಆದರೆ ರಜೆ ಹಾಕಿ ಓಡಬೇಕಾದವರು ನಾವು. ನಮಗೆ ಆ ತಾಪತ್ರಯ ಬೇಡ. ಇಷ್ಟೇ ವಿಷಯ. ಇದಕ್ಕೆ ಪ್ರೀತಿಯ ಬಣ್ಣ ಬಳಿಯೋದು ಬೇರೆ.

ನಿಜವಾಗಿ ಅವರಿಗೆ ಓಡಿಸುವ ಯೋಗ್ಯತೆ ಇದೆಯಾ ಇಲ್ಲವಾ ಅಂತ ನೋಡುವುದಕ್ಕೆ ಕಾನೂನೇ ಇದೆ. ವಯಸ್ಸು 55 ದಾಟಿದ ಮೇಲೆ ಲೈಸೆನ್ಸು ರಿನ್ಯೂ ಆಗುವುದು ಒಂದು ಸಲಕ್ಕೆ 5 ವರ್ಷಕ್ಕೆ ಮಾತ್ರ, ಅದೂ ಡಾಕ್ಟರು ಫಾರಂ 1ಎಯಲ್ಲಿ ಬರೆದುಕೊಟ್ಟರೆ. ಅಪ್ಪ ಕಣ್ಣಿನ ಪೊರೆ ಆಪರೇಶನ್ ಮಾಡಿಸಿಕೊಂಡೇ ಲೈಸೆನ್ಸು ರಿನ್ಯೂ ಮಾಡಿಸಿದ್ದರು. ಡಾಕ್ಟರು ಆಗಬಹುದು ಅಂದದ್ದನ್ನು ಬೆಂಗಳೂರಿನ ಪೀಜಿಯಲ್ಲಿ ಕೂತು ರದ್ದು ಮಾಡಲು ನಾನು ಯಾರು? ಡಾಕ್ಟರೇ ಬೇಡ ಅಂದರೆ, ಕಣ್ಣು ಮಂಜಾದರೆ, ಆಗ ಕೀ ತೆಗೆದಿಡಬೇಕು, ಒಪ್ಪುತ್ತೇನೆ. ಹುಟ್ಟಿದ ತಾರೀಖು ನೋಡಿ ತೆಗೆದಿಡುವುದನ್ನು ಒಪ್ಪುವುದಿಲ್ಲ.

"ರೈಲಿದೆ, ಬಸ್ಸಿದೆ, ಕಾರೇ ಯಾಕೆ?" ಅಂತ ಕೇಳಬಹುದು. ಕಳಸಕ್ಕೆ ರೈಲೇ ಇಲ್ಲ. ಇರುವ ಕಡೆಗೂ, ಹಿರಿಯರಿಗೆ ರೈಲಿನಲ್ಲಿ ಕೊಡುತ್ತಿದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ ಕೊರೊನಾ ಹೆಸರಲ್ಲಿ ನಿಲ್ಲಿಸಿದರು, ಕೊರೊನಾ ಹೋದ ಮೇಲೂ ಅದು ವಾಪಸ್ ಬರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಅಮ್ಮನಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಸಿಗುತ್ತೆ, ಸರಿ. ಆದರೆ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸು. ಮತ್ತೆ ಬಸ್ಸಿನಲ್ಲಿ ಅಮ್ಮ ನೀರೇ ಕುಡಿಯುವುದಿಲ್ಲ. ಕುಡಿದರೆ ಇಳಿಯಬೇಕು, ಇಳಿದರೆ ಬಸ್‌ಸ್ಟ್ಯಾಂಡಿನ ಆ ಶೌಚಾಲಯ.. ಶುಗರ್ ಇರುವ ಹೆಂಗಸು ಆರು ಗಂಟೆ ನೀರು ಕುಡಿಯದೆ ಕೂರುವುದು ನಮ್ಮ ಲೆಕ್ಕದಲ್ಲಿ 'ಸೇಫ್' ಪ್ರಯಾಣ! ಕಾರಾದರೆ ಬೇಕಾದಲ್ಲಿ ನಿಲ್ಲಿಸಬಹುದು, ಗುರುತಿನವರ ಮನೆಗೆ ನುಗ್ಗಬಹುದು.

ಅಪಾಯ ಇಲ್ಲವೇ ಇಲ್ಲ ಅನ್ನುತ್ತಿಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಜಾರಿ, ಹೆದ್ದಾರಿ ಬದಿಯ ಟೀ ಅಂಗಡಿಯನ್ನೂ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ನದಿಯಲ್ಲಿ ಮುಳುಗಿದ ಒಂದು ಲಾರಿ, ಒಳಗೆ ಅದರ ಡ್ರೈವರನ ಶವ ಸಿಗಲು ಎರಡು ತಿಂಗಳ ಮೇಲಾಯ್ತು. ಅವರೇನು ವಯಸ್ಸಾಗಿತ್ತು ಅಂತ ಸತ್ತರಾ? ಗುಡ್ಡವನ್ನು ನೇರಕ್ಕೆ ಕಡಿದು ರಸ್ತೆ ಅಗಲ ಮಾಡಿದರೆ 25 ವರ್ಷದವನೂ ಸಾಯುತ್ತಾನೆ. ಹೆದರಿಕೆ ನಿಜವೇ ಆಗಿದ್ದರೆ ನಾವು ಜಗಳ ಆಡಬೇಕಾದ್ದು ರಸ್ತೆ ಮಾಡಿದವರ ಜೊತೆ. ಅದು ಕಷ್ಟದ ಕೆಲಸ. ಅಪ್ಪನನ್ನು ಗದರುವುದು ಸುಲಭ.

ನನ್ನ ಕಾಳಜಿಗೆ ಎರಡು ವರ್ಷ ಹೋಯ್ತು. ಒಂದು ವರ್ಷ ಮಳೆ ಅಂದೆ, ಇನ್ನೊಂದು ವರ್ಷ ನನಗೆ ರಿಲೀಸ್ ಇದೆ, ಮುಗಿದ ಮೇಲೆ ನಾನೇ ಕರಕೊಂಡು ಹೋಗ್ತೀನಿ ಅಂದೆ. ರಿಲೀಸ್ ಯಾವತ್ತು ಮುಗಿದಿದೆ ಹೇಳಿ :) ಅಷ್ಟರಲ್ಲಿ, 2023ರ ಡಿಸೆಂಬರಿನಲ್ಲಿ, ಶಿವಮೊಗ್ಗದ ಅಂಕಲ್ ತೀರಿಕೊಂಡರು. ನನಗೆ ಸೈಕಲ್ ಕಲಿಸಿದವರು. ಅಪ್ಪ ಫೋನಿನಲ್ಲಿ ಸುದ್ದಿ ಹೇಳಿ, "ಇನ್ನು ಆ ಕಡೆಗೆ ಅರ್ಜೆಂಟು ಎಂತದೂ ಇಲ್ಲ, ನೀನು ಫ್ರೀ ಆದಾಗ ಹೋಗುವ" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟು ಮಾಡಿದ್ದರೆ ನನಗೆ ಅವತ್ತು ನಿದ್ದೆಯಾದರೂ ಬರುತ್ತಿತ್ತು.

2024ರ ನವೆಂಬರಿನಲ್ಲಿ ಅವರು ನನ್ನನ್ನು ಕೇಳಲಿಲ್ಲ. ಹೊರಟ ಮೇಲೆ ಕಾರ್ಕಳದಿಂದ ಫೋನ್ ಮಾಡಿದರು. ಲೊಕೇಶನ್ ಶೇರ್ ಮಾಡಿ ಅಂತ ಗೋಗರೆದೆ, ಮಾಡಿದರು. ಮಾಳ ದಾಟಿ ಕಾಡಿನೊಳಗೆ ಹೋದ ಮೇಲೆ ನೆಟ್‌ವರ್ಕ್ ಇಲ್ಲದೆ ಚುಕ್ಕಿ ಅಲ್ಲಾಡಲಿಲ್ಲ. ಮೀಟಿಂಗಿನಲ್ಲಿ ಕೂತು ಎರಡು ಗಂಟೆ ಆ ಚುಕ್ಕಿಯನ್ನೇ ನೋಡಿದೆ. ಕೊನೆಗೆ ಕಳಸದಿಂದ ಫೋನ್ ಬಂತು. ನಾನು ಬೈದದ್ದಕ್ಕೆ ಅಪ್ಪ ನಕ್ಕರು, "ಹದಿನೆಂಟು ವರ್ಷ ಇದ್ದ ಜಾಗ ಮಾರಾಯ, ಅಲ್ಲಿ ನಾವು ಕಳೆದುಹೋಗ್ಲಿಕ್ಕೆ ಉಂಟಾ?"

ಒಂಬತ್ತು ದಿನ, ಹೆಚ್ಚುಕಡಿಮೆ ಸಾವಿರ ಕಿಲೋಮೀಟರು. ಕತ್ತಲಾದ ಮೇಲೆ ಒಂದು ದಿನವೂ ಓಡಿಸಲಿಲ್ಲ (ನಾನು ಬೆಂಗಳೂರಿಂದ ಊರಿಗೆ ಬರುವುದು ರಾತ್ರಿ ಹತ್ತಕ್ಕೆ ಹೊರಟು, ನಿದ್ದೆಗಣ್ಣಿನಲ್ಲಿ ಶಿರಾಡಿ ಇಳಿದು). ಶಿವಮೊಗ್ಗದಲ್ಲಿ ಆಂಟಿ ಜೊತೆ ಎರಡು ದಿನ ಇದ್ದರು. ಅಂಕಲ್ ಬರೆದಿಟ್ಟಿದ್ದ ಚೀಟಿ ಫಂಡಿನ ಹಳೇ ಪುಸ್ತಕದಲ್ಲಿ ಅಪ್ಪನ ಹೆಸರಿನ ಮುಂದೆ 150 ರೂಪಾಯಿ ಬಾಕಿ ಅಂತ ಇತ್ತಂತೆ. ಆಂಟಿ ಬೇಡ ಬೇಡ ಅಂದರೂ ಅಪ್ಪ ಕೊಟ್ಟೇ ಬಂದರು.

ಈಗ ಅಮ್ಮ ಕಾಸರಗೋಡಿನ ಚಿಕ್ಕಮ್ಮನ ಮನೆಗೆ, ಅಲ್ಲಿಂದ ಮಡಿಕೇರಿಗೆ ಅಂತ ಪ್ಲಾನ್ ಹಾಕುತ್ತಿದ್ದಾರೆ. ಟಯರು ಸವೆದಿದೆ, ನಾಲ್ಕೂ ನಾನೇ ಹಾಕಿಸಿ ಕೊಡ್ತೀನಿ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಿಸು, ಆದ್ರೆ ಹಾಕಿಸಿದೆ ಅಂತ ದಿನಾ ಮೂರು ಸಲ ಫೋನ್ ಮಾಡ್ಬೇಡ ಆಯ್ತಾ?" ಅಂದರು.