ಕಿಮೋ ಊರಿಗೆ ಬಂತು, ಕಲಿತ ಸಿಸ್ಟರ್ ಎಲ್ಲಿ?

2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳನ್ನು ತೆರೆಯಿತು. ಒಳ್ಳೆಯ ಕೆಲಸ. ಹೊಗಳಬೇಕಾದ್ದನ್ನು ಹೊಗಳಲೇಬೇಕು. ಮುದ್ದೇಬಿಹಾಳದ ರೈತನೋ, ಹಿರೇಕೆರೂರಿನ ಹೆಂಗಸೋ, ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಎರಡು ಮೂರು ವಾರಕ್ಕೊಮ್ಮೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಓಡಬೇಕಿತ್ತು. 1973ರಲ್ಲಿ ಶುರುವಾದ ಕಿದ್ವಾಯಿ ಆಸ್ಪತ್ರೆಯೇ ಬಡವರಿಗೆ ದೊಡ್ಡ ದಿಕ್ಕು. ಔಷಧಿ ಸರ್ಕಾರದ್ದಾದರೂ ಬಸ್ ಚಾರ್ಜು, ಊಟ, ಜೊತೆಗೆ ಬಂದವರ ಕೂಲಿ ಎಲ್ಲ ಮನೆಯವರ ತಲೆ ಮೇಲೆ. ಎಷ್ಟೋ ಜನ ಅರ್ಧಕ್ಕೇ ಕೈಬಿಟ್ಟು ಮನೆ ಹಿಡಿಯುತ್ತಿದ್ದರು. ಈಗ ಬೆಳಿಗ್ಗೆ ಬಂದು ಸಂಜೆಗೆ ಮನೆ ಸೇರಬಹುದು.

ಕೇಂದ್ರ ಸರ್ಕಾರವೂ 2025-26ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಿಗೂ ಇಂಥ ಕೇಂದ್ರ ಕೊಡುವುದಾಗಿ ಹೇಳಿದೆ. ಮಂಚ ಬರುತ್ತದೆ, ಔಷಧಿ ಬರುತ್ತದೆ, ಬೋರ್ಡು ಬರುತ್ತದೆ, ಟೇಪು ಕತ್ತರಿಸಲು ಮಂತ್ರಿಗಳೂ ಬರುತ್ತಾರೆ. ಆದರೆ ಆ ಔಷಧಿಯನ್ನು ರೋಗಿಯ ನರಕ್ಕೆ ಹರಿಸುವವರು ಯಾರು?

ಡಾಕ್ಟರು ಚೀಟಿ ಬರೆಯುತ್ತಾರೆ. ಮೂರು ನಾಲ್ಕು ತಾಸು ಮಂಚದ ಪಕ್ಕ ನಿಂತು ಕೊಡುವವಳು ಸಿಸ್ಟರ್. ಸರ್ಕಾರ ಈಗ ಆಕೆಯನ್ನು ಶುಶ್ರೂಷಾಧಿಕಾರಿ ಅನ್ನುತ್ತದೆ. ಹೆಸರೇನೋ ದೊಡ್ಡದಾಯಿತು. ಆ ಕೆಲಸಕ್ಕೆ ಬೇಕಾದ ವಿದ್ಯೆ ಕೊಟ್ಟಿದ್ದಾರೆಯೇ ಅನ್ನೋದೇ ಪ್ರಶ್ನೆ.

ಕಿಮೋ ಅಂದರೆ ಗ್ಲೂಕೋಸ್ ಬಾಟಲಿ ಅಲ್ಲ. ಸ್ತನದ ಕ್ಯಾನ್ಸರಿಗೆ ಕೊಡುವ ಡಾಕ್ಸೊರೂಬಿಸಿನ್ ಅನ್ನುವ ಕೆಂಪು ಔಷಧಿ ನರದಿಂದ ಆಚೆ ಸೋರಿದರೆ ಅಲ್ಲಿನ ಮಾಂಸವೇ ಕೊಳೆಯುತ್ತದೆ. ‘ಉರಿ’ ಅಂತ ರೋಗಿ ಬಾಯಿ ಬಿಟ್ಟ ಕೂಡಲೇ ನಿಲ್ಲಿಸಬೇಕು. ಸೂಜಿ ಕೀಳುವ ಮೊದಲೇ ಒಳಗುಳಿದದ್ದನ್ನು ಹಿಂದಕ್ಕೆ ಎಳೆಯಬೇಕು, ಆಮೇಲೆ ತಣ್ಣನೆ ಪಟ್ಟಿ ಇಡಬೇಕು. ಸೋರಿದ್ದು ವಿನ್‌ಕ್ರಿಸ್ಟಿನ್ ಆದರೆ ತಣ್ಣನೆಯದು ಕೂಡದು, ಬಿಸಿ ಕಾವು ಕೊಡಬೇಕು. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಮಾಡಿದರೆ ಗಾಯ ಇನ್ನೂ ಕೆಡುತ್ತದೆ.

ಅದೇ ವಿನ್‌ಕ್ರಿಸ್ಟಿನ್ ಮನೆ ಮುಂದೆ ಬೆಳೆಯುವ ಸದಾಪುಷ್ಪ ಗಿಡದಿಂದ ಬಂದದ್ದು. ರಕ್ತದ ಕ್ಯಾನ್ಸರ್ ಬಂದ ಮಕ್ಕಳನ್ನು ಉಳಿಸುವ ಔಷಧಿ. ರಕ್ತನಾಳಕ್ಕೆ ಹೋದರೆ ಅಮೃತ, ಬೆನ್ನುಮೂಳೆಯೊಳಗೆ ಚುಚ್ಚಿದರೆ ಸಾವು. ಪರದೇಶದ ದೊಡ್ಡ ಆಸ್ಪತ್ರೆಗಳಲ್ಲೂ ಈ ತಪ್ಪಾಗಿ ಜೀವ ಹೋಗಿವೆ. ಅದಕ್ಕೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇದನ್ನು ಸಿರಿಂಜಿನಲ್ಲಿ ತುಂಬಿಡಬೇಡಿ, ಸಣ್ಣ ಚೀಲದಲ್ಲಿ ಬೆರೆಸಿ ಕೊಡಿ ಎಂದು ಎಚ್ಚರಿಸಿತು. ಚುಚ್ಚುವವರು ಡಾಕ್ಟರೇ ಇರಬಹುದು. ‘ಸಾರ್, ಇದು ಬೆನ್ನಿಗೆ ಕೊಡೋದಲ್ಲ’ ಅಂತ ಕೈ ತಡೆಯಬೇಕಾದವಳು ಪಕ್ಕದಲ್ಲಿರುವ ಸಿಸ್ಟರ್. ಹಾಗೆ ತಡೆಯಲು ಧೈರ್ಯ ಬೇಕು. ಗೊತ್ತಿದ್ದವರಿಗೆ ಮಾತ್ರ ಆ ಧೈರ್ಯ.

ರೋಗಿ ಮನೆಗೆ ಹೊರಟಾಗಲೂ ಕೆಲಸ ಮುಗಿಯುವುದಿಲ್ಲ. ಕಿಮೋ ಆದ ಒಂದೆರಡು ವಾರದಲ್ಲಿ ಬಿಳಿ ರಕ್ತಕಣ ಕುಸಿಯುತ್ತವೆ. ಆಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ. ‘ಯಜಮಾನ್ರೇ, 100 ಡಿಗ್ರಿ ದಾಟಿದ್ರೆ ಮಾತ್ರೆ ನುಂಗಿ ಮಲಗ್ಬೇಡಿ, ನಡುರಾತ್ರಿ ಆದ್ರೂ ಆಸ್ಪತ್ರೆಗೆ ಬನ್ನಿ’ ಅಂತ ಮನಸ್ಸಿಗೆ ನಾಟುವಂತೆ ಹೇಳಿ ಕಳಿಸಬೇಕು. ಆ ಒಂದು ಮಾತು ಹೇಳದೇ ಹೋದರೆ ಜೀವಕ್ಕೇ ಸಂಚಕಾರ.

ಇದನ್ನೆಲ್ಲ ಕಲಿಸುವ ವಿದ್ಯೆ ದೇಶದಲ್ಲಿ ಇಲ್ಲವೆಂದಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಆಂಕಾಲಜಿ ನರ್ಸಿಂಗಿಗೇ ಒಂದು ವರ್ಷದ ಡಿಪ್ಲೊಮಾ ಗೊತ್ತುಮಾಡಿದೆ. ನೋಂದಾಯಿತ ನರ್ಸುಗಳಿಗೆಂದೇ ಇರುವ ಕೋರ್ಸು. ಹೆಚ್ಚಿನ ಕಾಲ ವಾರ್ಡಿನಲ್ಲೇ ಕಲಿಕೆ. ಆದರೆ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಅದು ಕೆಲಸಕ್ಕೆ ಅಂಟಿಕೊಂಡಿದ್ದಾಗ. ವರ್ಷಗಟ್ಟಲೆ ಓದಿ ಬಂದವಳನ್ನು ಮಾರನೇ ತಿಂಗಳು ಹೆರಿಗೆ ವಾರ್ಡಿಗೋ ಲಸಿಕೆ ವಿಭಾಗಕ್ಕೋ ಹಾಕಿದರೆ ಆ ಕಾಗದ ಗೋಡೆಗೆ ತೂಗುಹಾಕಲಿಕ್ಕಷ್ಟೇ. ಕಿಮೋ ವಾರ್ಡಿಗೆ ಬಂದ ಹೊಸಬಳು ಮತ್ತೆ ಅ ಆ ಇ ಈ ಇಂದ ಶುರುಮಾಡಬೇಕು. ಪಾಠ ಕಲಿಯೋದು ಯಾರ ಮೈಮೇಲೆ?

ಅಮೆರಿಕದ ನರ್ಸುಗಳು ಈ ದಾರಿಯನ್ನು 40 ವರ್ಷದ ಹಿಂದೆಯೇ ಹಿಡಿದರು. ಕ್ಯಾನ್ಸರ್ ನರ್ಸುಗಳ ಸಂಘ ಅಲ್ಲಿ 1975ರಲ್ಲಿ ಹುಟ್ಟಿತು. 1986ರಲ್ಲಿ ಮೊದಲ ಪ್ರಮಾಣೀಕರಣ ಪರೀಕ್ಷೆ ನಡೆಯಿತು. ಈಗ ಆ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ ಎರಡು ವರ್ಷದ ನರ್ಸ್ ಕೆಲಸ, ಅದರಲ್ಲಿ ಕ್ಯಾನ್ಸರ್ ರೋಗಿಗಳ ಸೇವೆಯೇ 2,000 ತಾಸು ಆಗಿರಬೇಕು. ಪಾಸಾದರೂ ನಾಲ್ಕು ವರ್ಷಕ್ಕಷ್ಟೇ. ಆಮೇಲೆ ಮತ್ತೆ ಅರ್ಹತೆ ತೋರಿಸಿ ನವೀಕರಿಸಿಕೊಳ್ಳಬೇಕು. ಅಲ್ಲಿನದ್ದೆಲ್ಲ ಇಲ್ಲಿಗೆ ಒಗ್ಗುವುದಿಲ್ಲ, ನಿಜ. ಆದರೆ ಔಷಧಿ ಅಲ್ಲಿಯದೂ ಅದೇ, ಇಲ್ಲಿಯದೂ ಅದೇ.

‘20 ವರ್ಷ ಸರ್ವೀಸ್ ಮಾಡಿದ ಸಿಸ್ಟರಿಗೆ ಇನ್ನೆಂಥ ಪರೀಕ್ಷೆ? ಇದೂ ಫೀಸು ಕೀಳುವ ದಂಧೆ ಆಗುತ್ತೆ’ ಅನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಬೀದಿಗೊಂದು ನರ್ಸಿಂಗ್ ಕಾಲೇಜು ಕಂಡ ರಾಜ್ಯ ಇದು. ಹಾಗಂತ ಪರೀಕ್ಷೆಯೇ ಬೇಡವೆಂದರೆ ಹೇಗೆ? ಕಾರು ಓಡಿಸಿ ಪಳಗಿದವನೂ ಲಾರಿ ಹತ್ತಬೇಕಾದರೆ ಹೆವಿ ಲೈಸೆನ್ಸ್ ಮಾಡಿಸಬೇಕು. ಲಾರಿಗೊಂದು ನ್ಯಾಯ, ಕಿಮೋಗೊಂದು ನ್ಯಾಯವೇ? ವಾರ್ಡಿನಲ್ಲಿ ದುಡಿದ ತಾಸುಗಳನ್ನು ಲೆಕ್ಕಕ್ಕೆ ಹಿಡಿದರೆ ಹಳೇ ಸಿಸ್ಟರುಗಳ ಅನುಭವಕ್ಕೂ ಮರ್ಯಾದೆ ಸಿಕ್ಕಂತಾಯಿತು.

ಆದ್ದರಿಂದ ಆರೋಗ್ಯ ಇಲಾಖೆ ಮಾಡಬೇಕಾದ್ದು ಇಷ್ಟೇ. ಪ್ರತಿ ಕಿಮೋ ಕೇಂದ್ರದಿಂದ ಸರದಿ ಪ್ರಕಾರ ನರ್ಸುಗಳನ್ನು ಪೂರ್ತಿ ಸಂಬಳ ಕೊಟ್ಟು ಆ ಡಿಪ್ಲೊಮಾಕ್ಕೆ ಕಳಿಸಲಿ. ಫೀಸನ್ನು ಸರ್ಕಾರವೇ ಕಟ್ಟಲಿ. ಪಾಸಾಗಿ ಬಂದವರನ್ನು ಕೆಲವು ವರ್ಷ ಆ ವಾರ್ಡಿನಿಂದ ಕದಲಿಸದಿರಲಿ. ಆ ಕೆಲಸಕ್ಕೆ ಪ್ರತ್ಯೇಕ ಭತ್ಯೆ ಇರಲಿ, ಯಾಕಂದರೆ ಆ ಔಷಧಿಯ ಹನಿ, ಆವಿ ಸಿಸ್ಟರ್ ಮೈಗೂ ಒಳ್ಳೆಯದಲ್ಲ. ಕೈಗವಸು, ಗೌನು, ಔಷಧಿ ಬೆರೆಸುವ ಸುರಕ್ಷಿತ ಪೆಟ್ಟಿಗೆ ಇಲ್ಲದ ಕಡೆ ಕಿಮೋ ಬೆರೆಸಲೇಬಾರದು. ಬಸುರಿ ಸಿಸ್ಟರನ್ನು ಆ ಕೆಲಸಕ್ಕೆ ಹಾಕಲೇಬಾರದು.

ಕೆಲವು ದಿನದ ತರಬೇತಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಮುಗಿಯಿತು ಅಂತ ಅಧಿಕಾರಿಗಳು ತಿಳಿಯಬಾರದು. ತರಬೇತಿ ಬೇರೆ, ಪರೀಕ್ಷೆಗೆ ನಿಂತು ಗೆದ್ದ ಅರ್ಹತೆ ಬೇರೆ.

ಕಿಮೋ ಮಂಚದಲ್ಲಿ ಮಲಗಿದ ಬಡವ ಔಷಧಿ ಹೆಸರು ಓದಲಾರ, ಡೋಸು ಲೆಕ್ಕ ಹಾಕಲಾರ. ತೋಳು ಚಾಚಿ ಸಿಸ್ಟರ್ ಮುಖ ನೋಡುತ್ತಾನೆ, ಅಷ್ಟೆ. ಆ ನಂಬಿಕೆಗೆ ತಕ್ಕ ವಿದ್ಯೆಯನ್ನು ಆಕೆಗೆ ಕೊಡುವುದು ಸರ್ಕಾರದ ಹೊಣೆ. ಬೋರ್ಡು ಬರೆಸಲು ದುಡ್ಡಿದ್ದ ಸರ್ಕಾರಕ್ಕೆ ಇದಕ್ಕೂ ದುಡ್ಡು ಸಿಗದೇ ಇರದು.