ಸವೆದ ತಿರುಪು, ಅಸಡ್ಡೆಯ ಕೈ

ಮಡಿಕೇರಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅಲ್ಲಿನ ಗೆಳೆಯರ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆಗಿಡುವ ಹಳೆಯ ಬ್ರಿಟಿಷ್ ರೈಫಲಿನ ಮರದ ಭಾಗವನ್ನು ಬಿಗಿಯುವ ತಿರುಪಿನ ಥ್ರೆಡ್ ಸವೆದು, ಅದು ಸುಮ್ಮನೆ ಸುತ್ತುತ್ತಿದೆಯಂತೆ. “ಎಂ-ಸೀಲ್ ಮೆತ್ತಿಬಿಡಲೇ ಸಾರ್?” ಎಂದು ಕೇಳಿದ. ಈ ‘ಮೆತ್ತಿಬಿಡುವ’ ಬುದ್ಧಿಗೇ ನನ್ನ ವಿರೋಧ.

ಥ್ರೆಡ್ ಹಾಳಾಗುವುದು ಮುಪ್ಪಿನಿಂದಲ್ಲ, ಬಹುಪಾಲು ನಮ್ಮ ಅವಸರದಿಂದ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಗೊತ್ತುಪಡಿಸಿದ ಥ್ರೆಡ್ಡಿನ ಕೋನ 55 ಡಿಗ್ರಿ, ಅಳತೆ ಇಂಚಿನದು. ಇಂದಿನ ಮೆಟ್ರಿಕ್ ಥ್ರೆಡ್ಡಿನದು 60 ಡಿಗ್ರಿ. ಹಳೆಯ ಬ್ರಿಟಿಷ್ ರಂಧ್ರಕ್ಕೆ ಅಂಗಡಿಯ ಮೆಟ್ರಿಕ್ ತಿರುಪನ್ನು ತುರುಕಿದರೆ ಉಕ್ಕು ಉಕ್ಕನ್ನೇ ತಿನ್ನುತ್ತದೆ. ಬಲ್ಲವನು ಮೊದಲು ಗೇಜಿನಿಂದ ಅಳೆಯುತ್ತಾನೆ. ಬಳಿಕ ರಂಧ್ರವನ್ನು ತುಸು ಹಿಗ್ಗಿಸಿ, ಟ್ಯಾಪಿನಿಂದ ಹೊಸ ಥ್ರೆಡ್ ಕೊರೆದು, ಉಕ್ಕಿನ ತಂತಿಯ ಸುರುಳಿ ಕೂರಿಸುತ್ತಾನೆ. ಆಗ ಮೂಲ ಅಳತೆಯ ತಿರುಪೇ ಮತ್ತೆ ಬಿಗಿಯುತ್ತದೆ.

“ಇಷ್ಟಕ್ಕೆ ಮನೆಯಲ್ಲೇ ಮಾಡಿಕೊಳ್ಳಬಾರದೇ?” ಎನ್ನುವವರುಂಟು. ಕೂಡದು. ಕೊಡವರಿಗೆ ಬಂದೂಕು ಇಟ್ಟುಕೊಳ್ಳಲು ವಿನಾಯಿತಿಯಿದೆ, ನಿಜ; ಆದರೆ ಬಂದೂಕು ದುರಸ್ತಿಯ ಕಸುಬಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಪರವಾನಗಿ ಕೇಳುತ್ತದೆ. ನಳಿಗೆಯ ಬಳಿ ಒಂದು ತಪ್ಪು ಕೊರೆತವಾದರೆ ಹೋಗುವುದು ಕಣ್ಣು, ಕೈ.

ನಮ್ಮ ನಿಟ್ಟೂರಿಗೆ ಸಮೀಪದ ತುಮಕೂರಿನಲ್ಲಿ ಸೂಕ್ಷ್ಮ ತಿರುಪುಗಳನ್ನು ಪಳಗಿಸಿದ್ದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ 2016ರಲ್ಲಿ ಮುಚ್ಚಿತು. ಕಾರ್ಖಾನೆಯೊಂದಿಗೆ ಕಸುಬಿನ ಮೇಲಿನ ಗೌರವವೂ ಮುಚ್ಚಿಹೋಗಬೇಕೇ? ಅಂಕ ಗಳಿಸಲು ನಿಮಗೆ ಕಲಿಸಿದೆವು. ಟ್ಯಾಪ್ ಹಿಡಿಯಲು ಕಲಿಸಲಿಲ್ಲ. ಆ ತಪ್ಪು ನಮ್ಮದು. ನಿಮ್ಮ ಮಕ್ಕಳ ವಿಷಯದಲ್ಲಿ ಅದು ಮರುಕಳಿಸದಿರಲಿ.