ಪಿಕಪ್ ಇಲ್ಲದ ಕಾರು, ಮಸಿ ತಾಗದ ಕೈ

ಅಮ್ಮ ಮಿಶಿಗನ್ನಿಗೆ ಬಂದ ಎರಡನೆಯ ವಾರ. ಆನ್ ಆರ್ಬರಿನಿಂದ ಡೆಟ್ರಾಯಿಟ್ ಕಡೆಗೆ ಹೊರಟು ಐ-94 ಹೆದ್ದಾರಿಯನ್ನು ಸೇರುವಾಗ, ಆಕ್ಸಿಲರೇಟರನ್ನು ಪೂರ್ತಿ ಅದುಮಿದರೂ ನನ್ನ 11 ವರ್ಷದ ಕಾರು 45 ಮೈಲಿ ವೇಗವನ್ನು ದಾಟಲೊಲ್ಲದೆ ಏದುಸಿರು ಬಿಡತೊಡಗಿತು. ಅಲ್ಲಿ ಕಾರುಗಳಿಗೆ ವೇಗಮಿತಿ 70 ಮೈಲಿ, ಟ್ರಕ್ಕುಗಳಿಗೆ 65. ಹಿಂದಿನಿಂದ ಬಂದ ಟ್ರಕ್ಕೊಂದು ಹಾರ್ನ್ ಮೊಳಗಿಸುತ್ತ ಪಕ್ಕದ ಲೇನಿಗೆ ಸರಿದು ನಮ್ಮನ್ನು ಉಳಿಸಿತು. ಅಮ್ಮ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತ, ‘ಇನ್ಮೇಲೆ ಬಸ್ಸಲ್ಲೇ ಹೋಗೋಣ ಕಣೋ’ ಎಂದಳು. ನಾವಿರುವ ಬಡಾವಣೆಗೆ ಬಸ್ಸೇ ಬರುವುದಿಲ್ಲ.

ಊರಿನಲ್ಲಿ ಇದನ್ನು ‘ಗಾಡಿಗೆ ಪಿಕಪ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಮುಗಿಸಿ, ಗ್ಯಾರೇಜಿಗೆ ಬಿಟ್ಟು ಬರುತ್ತೇವೆ. ದಾವಣಗೆರೆಯಲ್ಲಿ ಅಪ್ಪನ ಹಳೆಯ ಫಿಯಟ್ಟನ್ನು ನೋಡುತ್ತಿದ್ದ ಮೆಕ್ಯಾನಿಕ್, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವನು ಆಲಿಸುತ್ತಿದ್ದ, ನಾವು ನೆರಳಿನಲ್ಲಿ ಪತ್ರಿಕೆ ಓದುತ್ತಿದ್ದೆವು. ಎಂಜಿನಿಯರಿಂಗ್ ಪದವೀಧರನಾದ ನಾನು ಮೊದಲ ಬಾರಿ ಬಾನೆಟ್ ಎತ್ತಿದ್ದು ವಿದೇಶಕ್ಕೆ ಬಂದ ಮೇಲೆಯೇ. ಹೊರಡುವವರಿಗೆ ಡ್ರೈವಿಂಗ್ ಕಲಿತು ಹೋಗಿರೆಂದು ಎಲ್ಲರೂ ಹೇಳುತ್ತಾರೆ. ಕಾರನ್ನೂ ಕಲಿತು ಬನ್ನಿ ಎಂಬುದು ನನ್ನ ವಾದ.

ನಾನು ಕಾರನ್ನು ಒಯ್ದ ವರ್ಕ್‌ಶಾಪಿನವರು ಅರ್ಧ ಗಂಟೆಯಲ್ಲಿ ತೀರ್ಪು ಕೊಟ್ಟರು: ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ, ಬದಲಿಸಲು 1,900 ಡಾಲರ್. ಹೊಗೆ ಹೊರಹೋಗುವ ದಾರಿ ಮುಚ್ಚಿದರೆ ಎಂಜಿನ್ ಸೊರಗುತ್ತದೆ ಎಂಬುದೇನೋ ನಿಜ. ಆದರೆ ‘ಎಕ್ಸಾಸ್ಟಿನ ಒತ್ತಡವನ್ನು ಅಳೆದಿರಾ?’ ಎಂದು ಕೇಳಿದಾಗ ಉತ್ತರ ಬರಲಿಲ್ಲ. ಆ ಪ್ರಶ್ನೆ ನನಗೆ ತಾನಾಗಿ ಹೊಳೆದದ್ದಲ್ಲ. ಹರೆಯದಲ್ಲಿ ಗ್ಯಾರೇಜಿನಲ್ಲಿ ದುಡಿದಿದ್ದ ಸಹೋದ್ಯೋಗಿಯೊಬ್ಬ ಕಲಿಸಿ ಕಳುಹಿಸಿದ್ದ. ಕಾರನ್ನು ವಾಪಸು ತಂದೆ.

1996ರ ಮಾದರಿಯಿಂದ ಈಚೆಗೆ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಒಂದು ಕಂಡಿ ಇರುತ್ತದೆ. ಅದಕ್ಕೆ ಸಿಕ್ಕಿಸುವ ರೀಡರ್ ನನಗೆ 25 ಡಾಲರಿಗೆ ದೊರೆಯಿತು. ಬಿಡಿಭಾಗಗಳ ದೊಡ್ಡ ಅಂಗಡಿಗಳು ಅನೇಕ ಕಡೆ ಉಚಿತವಾಗಿಯೇ ಓದಿ ಹೇಳುತ್ತವೆ. ನನಗೆ ಕಂಡ ಕೋಡ್ ಪಿ0171: ಒಳಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ನಮ್ಮವರು ಎಡವುವುದು ಇಲ್ಲಿಯೇ. ಕೋಡನ್ನೇ ರೋಗವೆಂದು ಭಾವಿಸಿ ಒಂದೊಂದೇ ಭಾಗವನ್ನು ಬದಲಿಸುತ್ತ ಹೋಗುತ್ತಾರೆ. ಸ್ನೇಹಿತನೊಬ್ಬ ಇದೇ ಕೋಡಿಗೆ ಹೊಸ ಆಕ್ಸಿಜನ್ ಸೆನ್ಸರ್ ಹಾಕಿಸಿದ. ದೂರು ಹೊತ್ತು ತಂದವನನ್ನೇ ಶಿಕ್ಷಿಸಿದ ಹಾಗಾಯಿತು. ದೀಪ ವಾರದೊಳಗೆ ಮತ್ತೆ ಹತ್ತಿತು.

ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ನುಸುಳುತ್ತಿರಬಹುದು, ಪೆಟ್ರೋಲ್ ಪಂಪ್ ಸೋತಿರಬಹುದು, ಇಲ್ಲವೇ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿರಬಹುದು. ಇವನ್ನು ಬೇರ್ಪಡಿಸುವ ಉಪಾಯವೂ ಆ ರೀಡರಿನಲ್ಲೇ ಇದೆ. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಪೆಟ್ರೋಲ್ ಸೇರಿಸುತ್ತಿದೆ ಎಂಬುದನ್ನು ‘ಫ್ಯೂಯಲ್ ಟ್ರಿಮ್’ ಎಂಬ ಶೇಕಡಾ ಸಂಖ್ಯೆ ತೋರಿಸುತ್ತದೆ. ಕಳ್ಳದಾರಿಯ ಗಾಳಿಯಾದರೆ, ಕಾರು ನಿಂತು ಎಂಜಿನ್ ಮೆಲ್ಲಗೆ ಓಡುವಾಗ ಅದು ಹೆಚ್ಚಾಗಿದ್ದು, ಎಂಜಿನ್ ವೇಗ ಏರಿದಂತೆ ಇಳಿಯುತ್ತದೆ. ನನ್ನದು ತಿರುವುಮುರುವು: ನಿಂತಾಗ ಶೇ 8, 2,500 ಆರ್‌ಪಿಎಮ್‌ನಲ್ಲಿ ಶೇ 20ರ ಆಸುಪಾಸು. ಅಂದರೆ ಪಂಪ್, ಇಲ್ಲವೇ ಸೆನ್ಸರ್. ಸುಲಭವಾದುದನ್ನು ಮೊದಲು ನೋಡೋಣವೆಂದು ಏರ್‌ಫಿಲ್ಟರಿನ ಡಬ್ಬಿ ಬಿಚ್ಚಿದೆ.

ಒಳಗೆ ಓಕ್ ಮರದ ಕಾಯಿಗಳು, ಹರಿದ ಕಾಗದ, ಹತ್ತಿಯ ಉಂಡೆ. ಗಣಪನ ವಾಹನ ನನ್ನ ವಾಹನದೊಳಗೆ ಬಿಡಾರ ಹೂಡಿತ್ತು! ಚಳಿ ಕಾಲಿಡುತ್ತಲೇ ಇಲಿಗಳು ಹೀಗೆ ಕಾರು ಸೇರುವುದು ಇಲ್ಲಿ ಅಪರೂಪವೇನಲ್ಲ. (ಇಂಥ ಗೂಡನ್ನು ಕೈಗವಸು, ಮಾಸ್ಕ್ ಧರಿಸಿ, ಒದ್ದೆ ಮಾಡಿಯೇ ತೆಗೆಯಬೇಕು, ಅದರ ಧೂಳಿನಿಂದ ಹಂಟಾವೈರಸ್ ತಗುಲುವ ಅಪಾಯವಿದೆ.) ಇಲಿ ಫಿಲ್ಟರನ್ನು ಕಡಿದು ತೂತು ಮಾಡಿತ್ತು; ಅದರ ಮೂಲಕ ಹೋದ ಧೂಳು, ನೂಲು ಸೆನ್ಸರಿನ ತಂತಿಗೆ ಅಂಟಿದ್ದವು. ಕಾಯಿಸಿದ ಆ ತಂತಿ ಗಾಳಿಗೆ ಎಷ್ಟು ತಣಿಯುತ್ತದೆ ಎಂಬುದರ ಮೇಲೆ ಗಾಳಿಯ ಲೆಕ್ಕ ನಿಂತಿದೆ. ಕೊಳೆಯ ಕಂಬಳಿ ಹೊದ್ದ ತಂತಿ ಸರಿಯಾಗಿ ತಣಿಯದು. ಗಾಳಿ ಕಡಿಮೆಯೆಂದು ವರದಿ ಹೋಗುತ್ತದೆ, ಪೆಟ್ರೋಲೂ ಕಡಿಮೆ ಬರುತ್ತದೆ. ಈ ಸೆನ್ಸರಿಗೆಂದೇ ಸಿಗುವ ಸ್ಪ್ರೇ ಹೊಡೆದು, ಒರೆಸದೆ, ಪೂರ್ತಿ ಒಣಗಲು ಬಿಟ್ಟೆ. ಹೊಸ ಫಿಲ್ಟರ್ ಸೇರಿ 34 ಡಾಲರ್.

ಅಷ್ಟರಲ್ಲಿ ಅಪ್ಪನ ವಿಡಿಯೋ ಕರೆ. ‘ಅಷ್ಟು ಸಂಬಳ ತಗೊಂಡು ಭಾನುವಾರ ಕಾರು ಬಿಚ್ಕೊಂಡು ಕೂತಿದ್ದೀಯಲ್ಲೋ?’ ಎಂದರು. ಆ ಮಾತಿನಲ್ಲಿ ಮರುಕವಿತ್ತು, ತುಸು ಅವಮಾನವೂ ಇತ್ತು. ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ: ಮಕ್ಕಳ ಕೈಗೆ ಮಸಿ ತಾಗಿದ್ದನ್ನು ಬಡತನವೆಂದು ತಿಳಿಯಬೇಡಿ. ಅವರು ಗಂಟೆಗೆ 65 ಮೈಲಿ ವೇಗದ ಟ್ರಕ್ಕುಗಳ ನಡುವೆ ದಿನವೂ ನುಗ್ಗಬೇಕಾದವರು.

ವರ್ಕ್‌ಶಾಪಿನವರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಏನೂ ಕೇಳದ ಗಿರಾಕಿಗೆ ಊಹೆಯನ್ನೇ ಮಾರುವುದು ಯಾವ ದೇಶದಲ್ಲಾದರೂ ಸುಲಭ. ಪಂಪ್ ಕೆಟ್ಟಿದ್ದರೆ ನಾನೂ ಅವರಲ್ಲಿಗೇ ಹೋಗುತ್ತಿದ್ದೆ. ಆದರೆ ಟ್ರಿಮ್ ಸಂಖ್ಯೆ ಬರೆದ ಚೀಟಿ ಹಿಡಿದು ಹೋಗುತ್ತಿದ್ದೆ. ಇನ್ನೊಂದು ಮಾತು: ಚೆಕ್ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಮನೆ ಸೇರಬಹುದು, ಮಿನುಗುತ್ತಿದ್ದರೆ ಬದಿಗೆ ನಿಲ್ಲಿಸಿ, ಮಿಸ್‌ಫೈರ್ ಮುಂದುವರಿದರೆ ಕನ್ವರ್ಟರ್ ನಿಜಕ್ಕೂ ಸುಟ್ಟೀತು. ಊರಿನ ಹೊಸ ಕಾರುಗಳಲ್ಲೂ ಇದೇ ಕಂಡಿ ಇದೆ. ವೀಸಾಕ್ಕೆ ಕಾಯುತ್ತಿರುವವರು ಈ ವಾರ ಮನೆಯ ಕಾರಿನ ಏರ್‌ಫಿಲ್ಟರನ್ನಾದರೂ ಕೈಯಾರೆ ಬಿಚ್ಚಿ ಜೋಡಿಸಿ ನೋಡಿ.

ಮುಂದಿನ ಶನಿವಾರ ಅದೇ ರಸ್ತೆ. ಅಮ್ಮ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಿಡಿದು ಕೂತಿದ್ದಳು. ಹೆದ್ದಾರಿ ಸೇರುವ ಮೊದಲೇ ಮುಳ್ಳು 65 ದಾಟಿತು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: ‘ಆ ಇಲಿ ಎಲ್ಲಿ ಹೋಯ್ತೋ?’

ಅದು ಇನ್ನೂ ಸಿಕ್ಕಿಲ್ಲ.